ಬಿ.ಎಚ್. ರಸ್ತೆಯ ನಕ್ಷೆ ಗಟ್ಟಿಯಾಗುವ ಮೊದಲು: ತುಮಕೂರಿನ ಆಡಳಿತಕ್ಕೂ ನಾಗರಿಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ, ಲೋಕೋಪಯೋಗಿ ಇಲಾಖೆಯ ಇಂಜಿನಿಯರ್‌ಗಳಿಗೆ, ಜೊತೆಗೆ ಈ ರಸ್ತೆಯಲ್ಲಿ ದಿನವೂ ಓಡಾಡುವ ಎಲ್ಲರಿಗೆ,

ನಮಸ್ಕಾರ.

ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆಯನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಯಾವಾಗ ಕೈಗೆತ್ತಿಕೊಂಡರೂ, ಅದರ ಅಡ್ಡಕೊಯ್ತದ ನಕ್ಷೆ, ಅಂದರೆ ರಸ್ತೆಯ ಅಗಲವನ್ನು ಯಾವುದಕ್ಕೆ ಎಷ್ಟು ಹಂಚಿದೆ ಎಂದು ತೋರಿಸುವ ನಕ್ಷೆ, ಗಟ್ಟಿಯಾಗುವ ಮೊದಲೇ ರಸ್ತೆ ಪಕ್ಕದಲ್ಲಿ ಬದುಕುವವರನ್ನೂ ಅದರಲ್ಲಿ ಓಡಾಡುವವರನ್ನೂ ಕೂರಿಸಿಕೊಂಡು ಮಾತಾಡಿ ಎಂಬುದು ನಮ್ಮ ಕೋರಿಕೆ. ಎಷ್ಟು ಪಥ, ಪಾದಚಾರಿ ಮಾರ್ಗ ಎಷ್ಟು ಅಗಲ, ಚರಂಡಿ ಎಲ್ಲಿ, ಗಾಡಿ ನಿಲ್ಲಲು ಜಾಗ ಇದೆಯೇ ಇಲ್ಲವೇ ಎಂಬುದೆಲ್ಲ ಆ ಒಂದು ನಕ್ಷೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಅದಾದ ಮೇಲೆ ಸಭೆ ಕರೆದರೆ ಜನರಿಗೆ ಹೇಳಲು ಉಳಿಯುವುದು ಟೈಲ್ಸ್ ಬಣ್ಣ ಮತ್ತು ದೀಪದ ಕಂಬದ ಆಕಾರ ಮಾತ್ರ. ಟೆಂಡರ್ ಆದ ಮೇಲಂತೂ ಒಂದು ಕಲ್ಲು ಸರಿಸಬೇಕಾದರೂ ಹೆಚ್ಚುವರಿ ಅಂದಾಜು, ಮರು ಅನುಮೋದನೆ, ತಿಂಗಳುಗಳ ಕಾಯುವಿಕೆ.

ಬೆಂಗಳೂರು–ಹೊನ್ನಾವರ ರಸ್ತೆ ದೂರ ಹೋಗುವವರಿಗಾಗಿ ಹುಟ್ಟಿದ ರಸ್ತೆ. ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಶಿವಮೊಗ್ಗ, ಹೊನ್ನಾವರದವರೆಗೆ ಹೋಗುವ ಹಳೆಯ ರಾಷ್ಟ್ರೀಯ ಹೆದ್ದಾರಿ 206. ಹಿಂದೆ 4 ಎಂದು ಕರೆಯುತ್ತಿದ್ದ, ಈಗ 48 ಆಗಿರುವ ಬೆಂಗಳೂರು–ಪುಣೆ ಹೆದ್ದಾರಿ ಊರ ಹೊರಗಿನಿಂದ ಹಾದುಹೋದ ಮೇಲೆ ಶಿರಾ, ಚಿತ್ರದುರ್ಗ, ಹುಬ್ಬಳ್ಳಿ ಕಡೆಯ ಲಾರಿಗಳಿಗೆ ಊರೊಳಗೆ ಬರುವ ಅಗತ್ಯವಿಲ್ಲ. ಊರಿನ ಸುತ್ತ ರಿಂಗ್ ರಸ್ತೆಯೂ ಬಂದಿದೆ. ಇಷ್ಟಾದರೂ ಕ್ಯಾತ್ಸಂದ್ರ, ಬಟವಾಡಿಯಿಂದ ಗುಬ್ಬಿ ಗೇಟ್‌ವರೆಗಿನ ರಸ್ತೆಯ ಮೈಕಟ್ಟು ಹೆದ್ದಾರಿಯದೇ: ನಡುವೆ ಉದ್ದಾನುದ್ದ ಡಿವೈಡರ್, ವೇಗಕ್ಕೆ ಅನುಕೂಲವಾಗುವ ವಿಶಾಲ ತಿರುವುಗಳು, ಅಂಚಿನಲ್ಲಿ ಉಳಿದಷ್ಟು ಜಾಗದಲ್ಲಿ ನಡೆಯುವವರು. ಅದರ ಈಗಿನ ಕೆಲಸವೇ ಬೇರೆ. ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯ, ಸರ್ಕಾರಿ ಜೂನಿಯರ್ ಕಾಲೇಜುಗಳ ಸಾವಿರಾರು ವಿದ್ಯಾರ್ಥಿಗಳನ್ನು, ಟೌನ್‌ಹಾಲ್ ಸುತ್ತಲಿನ ವ್ಯಾಪಾರವನ್ನು, ತಾಲ್ಲೂಕುಗಳಿಂದ ಬರುವ ಬಸ್ಸುಗಳನ್ನು ಅದು ಹೊತ್ತಿದೆ. ಬೈಪಾಸ್ ಆದ ಹಳೆಯ ಹೆದ್ದಾರಿ ಭಾಗವನ್ನು ಒಂದು ಸಲ ಸರಿಪಡಿಸಿ ರಾಜ್ಯಕ್ಕೆ ಒಪ್ಪಿಸುವ ಪದ್ಧತಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದಲ್ಲಿದೆ. ಆದರೆ ಆ ಒಂದು ಸಲದ ಕೆಲಸ ಹೆಚ್ಚಿನ ಊರುಗಳಲ್ಲಿ ಒಂದು ಡಾಂಬರು ಪದರಕ್ಕೇ ಮುಗಿಯುತ್ತದೆ. ರಸ್ತೆಯ ಕೆಲಸ ಬದಲಾಗಿರುವಾಗ ಅದರ ಆಕಾರವೂ ಬದಲಾಗಬೇಕು. ಆ ಆಕಾರ ಹೇಗಿರಬೇಕೆಂದು ಅಲ್ಲಿ ದಿನ ಕಳೆಯುವವರನ್ನು ಕೇಳದೆ ತಿಳಿಯಲು ಸಾಧ್ಯವಿಲ್ಲ.

ಮೊದಲಿಗೆ ಭಯದ ವಿಷಯ. ಸರ್ವೆಯವರು ಬಂದು ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರೆ ಆ ಬೀದಿಯಲ್ಲಿ ಆಮೇಲೆ ಬೇರೆ ಯಾವ ಮಾತಿಗೂ ಜಾಗವಿರುವುದಿಲ್ಲ. ಅಂಗಡಿ ಒಡೆಯುತ್ತಾರೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಗದವರು ಚರಂಡಿಯ ಬಗ್ಗೆ, ಮರದ ಬಗ್ಗೆ ಮಾತಾಡಲು ಬರುವುದಿಲ್ಲ. ಬಂದರೂ ಪ್ರತಿ ಗೆರೆಯನ್ನೂ ಅನುಮಾನದಿಂದಲೇ ನೋಡುತ್ತಾರೆ. ಆದ್ದರಿಂದ ಭೂಮಾಪನ ಇಲಾಖೆಯಿಂದ ರಸ್ತೆಯ ಸರ್ಕಾರಿ ಗಡಿಯನ್ನು ಅಳತೆ ಮಾಡಿಸಿ, ಪ್ರತಿ 50 ಮೀಟರಿಗೆ ಇರುವ ಅಗಲವನ್ನು ಪಟ್ಟಿ ಮಾಡಿ ಪಾಲಿಕೆಯ ಸೂಚನಾ ಫಲಕದಲ್ಲಿ ಹಾಕಿಸಿ. ಈಗಿರುವ ಗಡಿಯೊಳಗೇ ಕೆಲಸ ಮಾಡುವುದಾದರೆ ಹಾಗೆಂದು ಲಿಖಿತವಾಗಿ ಹೇಳಿ. ಎಲ್ಲಾದರೂ ಭೂಸ್ವಾಧೀನ ಬೇಕೇ ಬೇಕಾದರೆ ಆ ಜಾಗಗಳನ್ನು ಮಾತ್ರ ಹೆಸರಿಸಿ, ಪರಿಹಾರದ ದಾರಿಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನಮ್ಮ ತಿಳಿವಳಿಕೆಯ ಪ್ರಕಾರ ಈ ರಸ್ತೆಯ ತೊಂದರೆಗಳಲ್ಲಿ ಬಹುಪಾಲು ಜಾಗದ ಕೊರತೆಯಿಂದ ಬಂದಿಲ್ಲ, ಇರುವ ಜಾಗದ ಹಂಚಿಕೆಯಿಂದ ಬಂದಿವೆ.

ಹಂಚಿಕೆಯ ಲೆಕ್ಕವನ್ನು ಒಮ್ಮೆ ನೋಡೋಣ. ಉದಾಹರಣೆಗೆ ಗಡಿಯಿಂದ ಗಡಿಗೆ 30 ಮೀಟರ್ ಇದೆ ಎಂದಿಟ್ಟುಕೊಳ್ಳಿ. ತಲಾ 3.25 ಮೀಟರಿನ 4 ಪಥಕ್ಕೆ 13 ಮೀಟರ್, ಡಿವೈಡರಿಗೆ 1.5, ಅಂಚುಪಟ್ಟಿಗಳಿಗೆ ಒಟ್ಟು 1. ಇದು 15.5 ಆಯಿತು. ಉಳಿದ 14.5 ಮೀಟರನ್ನು ಎರಡು ಬದಿಗೆ ಹಂಚಿದರೆ ತಲಾ 7.25 ಮೀಟರ್. ಅದರಲ್ಲಿ 2.5 ಮೀಟರ್ ನಡೆಯಲು, 2 ಮೀಟರ್ ಮರ, ಕಂಬ, ತಳ್ಳುಗಾಡಿಗೆ, 2.5 ಮೀಟರ್ ಆಟೊ ಮತ್ತು ವಾಹನ ನಿಲ್ಲಲು, ಉಳಿದ ಕಾಲು ಮೀಟರ್ ಪಾದಚಾರಿ ಮಾರ್ಗದ ಅಂಚಿನ ಕಲ್ಲುಕಟ್ಟಿಗೆ. ಎಲ್ಲರಿಗೂ ಅವರವರ ಜಾಗ ಸಿಕ್ಕಿತು. ಅದೇ 30 ಮೀಟರಿನಲ್ಲಿ 6 ಪಥ ಎಳೆದರೆ 22 ಮೀಟರ್ ಹೋಗಿ ಒಂದು ಬದಿಗೆ ಉಳಿಯುವುದು 4 ಮೀಟರ್. ನಡೆಯಲು 1.8, ಕಂಬ–ಚರಂಡಿಗೆ ಉಳಿದದ್ದು. ವಾಹನ ನಿಲ್ಲಲು ಏನೂ ಇಲ್ಲ. ಆದರೆ ಅಂಗಡಿಗೆ ಬಂದವರು ಗಾಡಿ ನಿಲ್ಲಿಸಿಯೇ ನಿಲ್ಲಿಸುತ್ತಾರೆ, ಆಟೊ ನಿಂತೇ ನಿಲ್ಲುತ್ತದೆ, ತಳ್ಳುಗಾಡಿ ಎಲ್ಲೋ ಒಂದು ಕಡೆ ಇರಲೇಬೇಕು. ಹೀಗೆ ಅಂಚಿನ ಪಥ ವಾರದೊಳಗೆ ತುಂಬಿಹೋಗುತ್ತದೆ. ಹಾಳೆಯ ಮೇಲೆ 6 ಪಥ, ಓಡಲು ಸಿಗುವುದು 4. ನಡೆಯುವವರು ಈ ನಿಂತ ಗಾಡಿಗಳನ್ನು ಸುತ್ತಿಕೊಂಡು ವಾಹನ ಓಡುವ ಪಥದಲ್ಲೇ ನಡೆಯುತ್ತಾರೆ. ಸಂಚಾರ ಕಟ್ಟಿಕೊಳ್ಳುವುದು ವೃತ್ತಗಳಲ್ಲಿ, ಬಲತಿರುವುಗಳಲ್ಲಿ. ನಡುವಿನ ಉದ್ದದಲ್ಲಿ ಪಥ ಹೆಚ್ಚಿಸಿದರೆ ಟೌನ್‌ಹಾಲ್ ವೃತ್ತವನ್ನು ದಾಟುವ ವಾಹನಗಳ ಸಂಖ್ಯೆ ಹೆಚ್ಚುವುದಿಲ್ಲ, ಅಲ್ಲಿ ನಿಲ್ಲುವ ಸಾಲು ಮಾತ್ರ ಅಗಲವಾಗುತ್ತದೆ. ಈ ಎರಡು ಅಡ್ಡಕೊಯ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಯಾವ ಅಂಗಡಿಯವರಿಗೂ ಅರ್ಥವಾಗುತ್ತದೆ. ಅವರು ಆರಿಸಲಿ.

ಇನ್ನು ನೀರು. ಜನರ ತಿಳಿವಳಿಕೆ ಇಂಜಿನಿಯರಿಂಗ್‌ಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

30 ಮೀಟರ್ ಅಗಲದ ರಸ್ತೆಯ 100 ಮೀಟರ್ ಉದ್ದದ ಮೇಲೆ ಗಂಟೆಗೆ 60 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದರೆ, ನೀರು ಹೆಚ್ಚಾಗಿ ಇಂಗದ ಮೇಲ್ಮೈಯಾದ್ದರಿಂದ ಸೆಕೆಂಡಿಗೆ ಸುಮಾರು 45 ಲೀಟರ್ ನೀರು ಹರಿದುಬರುತ್ತದೆ. ಒಂದು ಕಿಲೋಮೀಟರಿಗೆ 450 ಲೀಟರ್, ಒಂದು ಬದಿಯ ಚರಂಡಿಗೆ 225. 600 ಮಿಲಿಮೀಟರ್ ಅಗಲ, 600 ಆಳದ ಕಾಂಕ್ರೀಟ್ ಚರಂಡಿ 300ಕ್ಕೆ 1ರ ಇಳಿಜಾರಿನಲ್ಲಿ, ಸ್ವಚ್ಛವಾಗಿದ್ದರೆ, 470 ಲೀಟರ್ ಸಾಗಿಸಬಲ್ಲದು. ಅರ್ಧ ಹೂಳು ತುಂಬಿದರೆ ಸಾಗಿಸುವುದು 195 ಲೀಟರ್ ಮಾತ್ರ. ಆಳ ಅರ್ಧವಾದಾಗ ಸಾಮರ್ಥ್ಯ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ, ಏಕೆಂದರೆ ನೀರಿನ ವೇಗವೂ ಕುಗ್ಗುತ್ತದೆ. ಅಂದರೆ ಅಡ್ಡರಸ್ತೆಗಳ ನೀರು, ಮಹಡಿಗಳ ನೀರು ಸೇರುವ ಮೊದಲೇ ಆ ಚರಂಡಿ ರಸ್ತೆಯ ಸ್ವಂತ ನೀರಿಗೇ ಸಾಲುವುದಿಲ್ಲ. ಹೂಳು ಎಲ್ಲಿ ಸೇರುತ್ತದೆ, ಯಾವ ಅಡ್ಡರಸ್ತೆಯಿಂದ ಮಣ್ಣು ಬರುತ್ತದೆ, ಯಾವ ಮುಚ್ಚಳ ತೆಗೆದು ವರ್ಷಗಳಾಗಿವೆ, ನೀರು ಕೊನೆಗೆ ಯಾವ ರಾಜಕಾಲುವೆಯನ್ನು, ಯಾವ ಕೆರೆಯನ್ನು ಸೇರುತ್ತದೆ ಎಂಬುದು ಯಾವ ಕಚೇರಿಯ ನಕ್ಷೆಯಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಎದುರಿನ ಬೇಕರಿಯವರಿಗೆ ಗೊತ್ತಿರುತ್ತದೆ.

ಎರಡನೆಯದು ಮಟ್ಟ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೇ 40ರಿಂದ 50 ಮಿಲಿಮೀಟರ್ ಹಾಕಿದರೆ ನಾಲ್ಕು ಸುತ್ತಿನಲ್ಲಿ ರಸ್ತೆ 160ರಿಂದ 200 ಮಿಲಿಮೀಟರ್ ಏರುತ್ತದೆ. ಪಾದಚಾರಿ ಮಾರ್ಗದ ಕಲ್ಲುಕಟ್ಟಿನ ಎತ್ತರವೇ 150. ರಸ್ತೆ ಕಲ್ಲುಕಟ್ಟನ್ನು ನುಂಗುತ್ತದೆ, ಚರಂಡಿಯ ಬಾಯಿ ಮುಚ್ಚಿಹೋಗುತ್ತದೆ, ನೀರು ಹೊಸ್ತಿಲಿನ ಕಡೆ ತಿರುಗುತ್ತದೆ. ಅಂಗಡಿಯವರು ಹೊಸ್ತಿಲು ಏರಿಸುತ್ತಾರೆ, ಮುಂದೆ ಇಳಿಜಾರು ಕಟ್ಟುತ್ತಾರೆ, ಆ ಇಳಿಜಾರು ನಡೆಯುವವರ ದಾರಿಗೆ ಅಡ್ಡ ಬರುತ್ತದೆ. ಇದನ್ನು ಒತ್ತುವರಿ ಎಂದು ಕರೆದು ಒಡೆದರೆ ಕಾರಣ ಹಾಗೆಯೇ ಉಳಿಯುತ್ತದೆ. ನಕ್ಷೆಗೆ ಮೊದಲು ಪ್ರತಿಯೊಂದು ಬಾಗಿಲಿನ ಹೊಸ್ತಿಲ ಮಟ್ಟವನ್ನು ಅಳೆದು, ಸಿದ್ಧ ರಸ್ತೆಯ ಮಟ್ಟ ಅತಿ ತಗ್ಗಿನ ಹೊಸ್ತಿಲಿಗಿಂತ ಎಷ್ಟು ಕೆಳಗಿರಬೇಕೆಂದು ನಿಗದಿ ಮಾಡಿ, ಆ ಅಂಕಿಯನ್ನು ಟೆಂಡರಿನಲ್ಲೇ ಬರೆಯಬೇಕು. ಹಳೆಯ ಪದರ ಕೆರೆಯುವ ಕೆಲಸ ಪ್ರತ್ಯೇಕ ಬಾಬ್ತಾಗಿ ಅಂದಾಜಿನಲ್ಲಿ ಇರಬೇಕು. ಬಾಬ್ತು ಇಲ್ಲದಿದ್ದರೆ ಗುತ್ತಿಗೆದಾರರು ಅದನ್ನು ಮಾಡುವುದಿಲ್ಲ, ಮಾಡೆಂದು ಹೇಳುವ ಹಕ್ಕು ಇಲಾಖೆಗೂ ಇರುವುದಿಲ್ಲ.

ಹಾಗಾದರೆ ಜನರನ್ನು ಕೇಳುವುದು ಹೇಗೆ? ಮಂಗಳವಾರ ಬೆಳಿಗ್ಗೆ 11ಕ್ಕೆ ಸಭಾಂಗಣದಲ್ಲಿ ಕರೆದರೆ ಬರುವವರು ಯಾರೆಂದು ಎಲ್ಲರಿಗೂ ಗೊತ್ತು. ಹೂವು ಮಾರುವವರು ಬರುವುದಿಲ್ಲ, ಆಟೊದವರು ಬರುವುದಿಲ್ಲ, ಕಾಲೇಜು ಹುಡುಗಿಯರು ಬರುವುದಿಲ್ಲ. ಗುಬ್ಬಿ, ಕುಣಿಗಲ್, ಕೊರಟಗೆರೆ, ಮಧುಗಿರಿಯಿಂದ ಬಸ್ಸಿಳಿದು ಈ ರಸ್ತೆ ದಾಟುವವರು ಇಲ್ಲಿನ ಯಾವ ವಾರ್ಡಿನ ಮತದಾರರೂ ಅಲ್ಲ, ಅವರಿಗೆ ಕರೆಯೋಲೆಯೇ ಹೋಗುವುದಿಲ್ಲ. ಆದ್ದರಿಂದ ಸಭೆಯ ಬದಲು ನಡಿಗೆಯಿಂದ ಶುರುಮಾಡಿ. ರಸ್ತೆಯನ್ನು 500 ಮೀಟರಿನ ತುಂಡುಗಳಾಗಿ ಮಾಡಿ ಒಂದೊಂದಕ್ಕೂ 10–12 ಜನರ ತಂಡ ಇರಲಿ: ಇಬ್ಬರು ಅಂಗಡಿಯವರು, ಒಬ್ಬ ಬೀದಿ ವ್ಯಾಪಾರಿ, ಒಬ್ಬ ಆಟೊ ಚಾಲಕ, ಇಬ್ಬರು ವಿದ್ಯಾರ್ಥಿಗಳು, ಗಾಲಿಕುರ್ಚಿ ಅಥವಾ ಬಿಳಿಕೋಲು ಬಳಸುವ ಒಬ್ಬರು, ಒಬ್ಬ ಹಿರಿಯರು, ಒಬ್ಬ ಪೌರಕಾರ್ಮಿಕರು, ಜೊತೆಗೆ ಬೆಸ್ಕಾಂನ ಲೈನ್‌ಮನ್, ನೀರು ಬಿಡುವ ವಾಲ್ವ್‌ಮನ್, ಸಂಚಾರ ಠಾಣೆಯ ಒಬ್ಬ ಪೇದೆ. ಕೊನೆಯ ಮೂವರನ್ನು ಬಿಡಲೇಬೇಡಿ. ನೆಲದ ಕೆಳಗೆ ಏನಿದೆ, ಎಲ್ಲಿ ಯಾವ ಹೊತ್ತಿಗೆ ಡಿಕ್ಕಿಯಾಗುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿಲ್ಲ.

ಪ್ರತಿ ತುಂಡನ್ನೂ ನಾಲ್ಕು ಹೊತ್ತಿನಲ್ಲಿ ನಡೆಯಬೇಕು: ಕಾಲೇಜು ತೆರೆಯುವ ಹೊತ್ತು, ಸಂಜೆ 6ರಿಂದ 8ರ ಸಂತೆ ಹೊತ್ತು, ರಾತ್ರಿ 9ರ ಮೇಲೆ ದೀಪ ನೋಡಲು, ಮತ್ತು ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ ಒಂದು ಸಲ. ಕೈಯಲ್ಲಿ 1:200 ಅಳತೆಯ ನಕ್ಷೆ ಹಾಳೆ, ಟೇಪು, ಮೂರು ಬಣ್ಣದ ಪೆನ್ನು ಸಾಕು. ನೀಲಿಯಲ್ಲಿ ನೀರು ನಿಲ್ಲುವ ಜಾಗ ಮತ್ತು ಆಳ, ಕೆಂಪಲ್ಲಿ ಜನ ನಿಜವಾಗಿ ದಾಟುವ ಜಾಗ, ಹಸಿರಲ್ಲಿ ನೆರಳು. ಕೆಂಪು ಗುರುತುಗಳೇ ಮುಂದೆ ದಾಟುಪಟ್ಟಿಗಳಾಗಬೇಕು. ಜನ ದಾಟದ ಕಡೆ ಪಟ್ಟಿ ಬಳಿದು, ದಾಟುವ ಕಡೆ ಕಬ್ಬಿಣದ ಬೇಲಿ ಹಾಕಿದರೆ ಬೇಲಿಯ ಸರಳು ಬಾಗುತ್ತದೆ. ಡಿವೈಡರಿನ ತೆರವುಗಳಿಗೂ ಇದೇ ಮಾತು. ಯು-ತಿರುವನ್ನು 800 ಮೀಟರ್ ಆಚೆ ಇಟ್ಟರೆ ದ್ವಿಚಕ್ರ ವಾಹನದವರು ಎದುರು ದಿಕ್ಕಿನಲ್ಲಿ ಅಂಚಿಗೆ ಅಂಟಿಕೊಂಡು ಬರುತ್ತಾರೆ, ಆ ಅಂಚಿನಲ್ಲೇ ನಡೆಯುವವರಿರುತ್ತಾರೆ.

ಪಾದಚಾರಿ ಮೇಲುಸೇತುವೆ ಕಟ್ಟಿದರೆ ದಾಟುವ ಸಮಸ್ಯೆ ತೀರಿತು ಎಂಬ ವಾದಕ್ಕೆ ನಾವು ಒಪ್ಪುವುದಿಲ್ಲ. ವಾಹನಗಳಿಗೆ 5.5 ಮೀಟರ್ ಎತ್ತರ ಬಿಟ್ಟು ಮೇಲಿನ ತೊಲೆಗಳನ್ನೂ ಸೇರಿಸಿದರೆ ಹತ್ತಲು 40ಕ್ಕೂ ಹೆಚ್ಚು ಮೆಟ್ಟಿಲು, ಇಳಿಯಲು ಅಷ್ಟೇ. ತರಕಾರಿ ಚೀಲ ಹಿಡಿದವರು, ಮಂಡಿನೋವಿನವರು ಅದನ್ನು ಹತ್ತುವುದಿಲ್ಲ. ನೆಲದ ಮಟ್ಟದಲ್ಲೇ ದಾಟಲು ಬಿಟ್ಟು, ನಡುವೆ ನಿಲ್ಲಲು ಕನಿಷ್ಠ 1.5ರಿಂದ 2 ಮೀಟರ್ ಅಗಲದ ತಂಗುಜಾಗ ಕೊಟ್ಟು, ಸಿಗ್ನಲ್ ಸಮಯವನ್ನು ನಿಧಾನವಾಗಿ ನಡೆಯುವವರ ಲೆಕ್ಕಕ್ಕೆ ಹೊಂದಿಸಬೇಕು. 16 ಮೀಟರ್ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವ ಯುವಕರಿಗೆ 13–14 ಸೆಕೆಂಡು ಸಾಕು, 0.8 ಮೀಟರ್ ನಡೆಯುವ ಅಜ್ಜಿಗೆ 20 ಬೇಕು. ಆ 6 ಸೆಕೆಂಡನ್ನು ವೃತ್ತದಲ್ಲಿ ಕೊಡಬೇಕೇ ಎಂಬುದು ಊರು ಕೂತು ತೀರ್ಮಾನಿಸಬೇಕಾದ ವಿಷಯ. ಕೊಡಬೇಕು ಎಂದೇ ನಮ್ಮ ಅಭಿಪ್ರಾಯ.

ವಾಹನ ನಿಲುಗಡೆಯ ಜಗಳ ಇದ್ದೇ ಇರುತ್ತದೆ. ಅಭಿಪ್ರಾಯಕ್ಕೆ ಅಭಿಪ್ರಾಯ ಎದುರಾದರೆ ಅದು ಮುಗಿಯುವುದಿಲ್ಲ, ಎಣಿಕೆ ಮಾಡಿದರೆ ಬಹುಮಟ್ಟಿಗೆ ಮುಗಿಯುತ್ತದೆ. ಒಂದು ಕೆಲಸದ ದಿನ, ಒಂದು ಭಾನುವಾರ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಅರ್ಧ ಗಂಟೆಗೊಮ್ಮೆ ನಿಂತ ವಾಹನಗಳ ಸಂಖ್ಯೆಯ ಕೊನೆಯ 4 ಅಂಕಿ ಬರೆದುಕೊಳ್ಳಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮಾಡುತ್ತಾರೆ. ಇಡೀ ದಿನ ಒಂದೇ ಜಾಗದಲ್ಲಿ ನಿಂತ ವಾಹನಗಳು ಎಷ್ಟು, ಅವು ಗಿರಾಕಿಗಳದೋ ಅಂಗಡಿಯ ಸಿಬ್ಬಂದಿಯದೋ ಎಂಬುದು ಆ ಪಟ್ಟಿಯಿಂದ ತಿಳಿಯುತ್ತದೆ. 8 ಗಂಟೆ ನಿಂತ ಒಂದು ಕಾರಿನ ಜಾಗದಲ್ಲಿ ಅರ್ಧ ಗಂಟೆಯಂತೆ 16 ಗಿರಾಕಿಗಳ ಕಾರು ನಿಲ್ಲಬಹುದಿತ್ತು. ಅಂಚಿಗೆ ಉದ್ದಕ್ಕೆ ನಿಲ್ಲಿಸಿದರೆ 100 ಮೀಟರಿಗೆ 20 ಕಾರು, ಅದೇ ಜಾಗದಲ್ಲಿ ನೂರಕ್ಕೂ ಹೆಚ್ಚು ದ್ವಿಚಕ್ರ ವಾಹನ ಹಿಡಿಯುತ್ತವೆ. ಈ ಅಂಕಿಗಳನ್ನು ವರ್ತಕರ ಮುಂದಿಟ್ಟು, ಎಷ್ಟು ಜಾಗ ಕಾರಿಗೆ, ಎಷ್ಟು ಬೈಕಿಗೆ, ಸರಕು ಇಳಿಸಲು ಯಾವ ಹೊತ್ತು ಎಂದು ಕೇಳಿ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳದೇ ಪ್ರಾತಿನಿಧ್ಯ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. 30 ದಿನಗಳ ನೋಟಿಸ್ ಇಲ್ಲದೆ ಎಬ್ಬಿಸುವಂತಿಲ್ಲ. ಮೊದಲೇ ಹೇಳಿದ ಆ 2 ಮೀಟರ್ ಪಟ್ಟಿಯಲ್ಲಿ ಅವರ ಜಾಗಗಳನ್ನು ನಕ್ಷೆಯಲ್ಲೇ ಗುರುತಿಸಿ ನೀರಿನ ನಲ್ಲಿ, ಕಸದ ಡಬ್ಬಿ, ದೀಪದ ಸಂಪರ್ಕ ಕೊಟ್ಟರೆ ನಡೆಯುವ ದಾರಿ ಖಾಲಿಯಾಗಿ ಉಳಿಯುತ್ತದೆ. ಮರಗಳಿಗೂ ನಿಯಮವಿದೆ: ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಜನರ ಆಕ್ಷೇಪಣೆ ಕೇಳಬೇಕು. ಅದಕ್ಕಿಂತ ಕಡಿಮೆ ಇದ್ದರೂ ಕೇಳಿ.

ಎಲ್ಲವನ್ನೂ ಜನಾಭಿಪ್ರಾಯಕ್ಕೆ ಬಿಡಿ ಎಂದು ನಾವು ಹೇಳುತ್ತಿಲ್ಲ. ಚರಂಡಿಯ ಇಳಿಜಾರು, ಡಾಂಬರಿನ ದಪ್ಪ, ತಿರುವಿನಲ್ಲಿ ಚಾಲಕರಿಗೆ ಮುಂದೆ ಕಾಣಬೇಕಾದ ದೂರ ಲೆಕ್ಕದಿಂದ ಬರುತ್ತವೆ. ನಡೆಯಲು ಅಡೆತಡೆಯಿಲ್ಲದ 1.8 ಮೀಟರ್ ಅಗಲ, ಕಲ್ಲುಕಟ್ಟು 150 ಮಿಲಿಮೀಟರಿಗಿಂತ ಎತ್ತರ ಇರಬಾರದು ಎಂಬುದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ. ಗಾಲಿಕುರ್ಚಿಯ ಇಳಿಜಾರು 12ಕ್ಕೆ 1, ಅಂದರೆ 150 ಮಿಲಿಮೀಟರ್ ಇಳಿಯಲು 1.8 ಮೀಟರ್ ಉದ್ದ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ದಯೆಯ ವಿಷಯವಾಗಿ ಉಳಿದಿಲ್ಲ. ಇವು ಬದಲಾಗುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ನಿಲುಗಡೆ, ಬಸ್ ತಂಗುದಾಣದ ಜಾಗ, ದಾಟುವ ಜಾಗ, ನೆರಳು, ವ್ಯಾಪಾರದ ಜಾಗ, ಕೆಲಸದ ಹಂತಗಳು, ವೇಗದ ಮಿತಿ ಜನ ನಿರ್ಧರಿಸಲಿ. ಯಾವುದು ತಮ್ಮ ಕೈಯಲ್ಲಿದೆ ಎಂದು ತಿಳಿದಾಗ ಜನ ಜವಾಬ್ದಾರಿಯಿಂದ ಮಾತಾಡುತ್ತಾರೆ.

ನಡಿಗೆಯಿಂದ ಬಂದ ನಕ್ಷೆಯನ್ನು ಹಾಳೆಯಲ್ಲಿ ತೋರಿಸಿದರೆ ಸಾಲದು, ನೆಲದ ಮೇಲೆ ಎಳೆದು ತೋರಿಸಬೇಕು. 300 ಮೀಟರ್ ಉದ್ದದಲ್ಲಿ ಸುಣ್ಣದ ಗೆರೆ, ಕೋನ್, ನೀರು ತುಂಬಿದ ಪ್ಲಾಸ್ಟಿಕ್ ತಡೆಗಳನ್ನು ಇಟ್ಟು ಹೊಸ ಪಾದಚಾರಿ ಮಾರ್ಗ, ಚಿಕ್ಕದಾದ ತಿರುವುಗಳು, ಬಸ್ ನಿಲ್ಲುವ ಜಾಗವನ್ನು ಎರಡು ವಾರ ನಡೆಸಿ ನೋಡಿ. ಮೂಲೆಯ ತಿರುವಿನ ತ್ರಿಜ್ಯವನ್ನು 15ರಿಂದ 8–9 ಮೀಟರಿಗೆ ಇಳಿಸಿದರೆ ಎಡಕ್ಕೆ ತಿರುಗುವ ವಾಹನಗಳ ವೇಗ ತಾನಾಗಿ ಇಳಿಯುತ್ತದೆ. ಬಸ್ಸು ತಿರುಗುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಒಂದು ಕೆಎಸ್‌ಆರ್‌ಟಿಸಿ ಬಸ್ಸನ್ನು ಅಲ್ಲೇ ತಿರುಗಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಬಸ್ ತಂಗುದಾಣವನ್ನು ವೃತ್ತ ದಾಟಿದ ಮೇಲೆ ಇಡುವುದು ಒಳ್ಳೆಯದು. ವೃತ್ತಕ್ಕೆ ಮೊದಲು ಇದ್ದರೆ ನಿಂತ ಬಸ್ಸು ಎಡತಿರುವನ್ನೂ ಸಿಗ್ನಲಿನ ಸಾಲನ್ನೂ ಕಟ್ಟಿಹಾಕುತ್ತದೆ. ಕೋನ್‌ಗಳನ್ನು ಸರಿಸಲು ಖರ್ಚಿಲ್ಲ, ಕಾಂಕ್ರೀಟ್ ಒಡೆಯಲು ಇದೆ.

ಆಮೇಲೆ ಅಂತಿಮ ಕರಡು. ಕನ್ನಡದಲ್ಲಿ, ಜೊತೆಗೆ ಉರ್ದುವಿನಲ್ಲಿ ಟಿಪ್ಪಣಿ ಬರೆದು, ಬಸ್ ನಿಲ್ದಾಣ, ಪಾಲಿಕೆ ಕಚೇರಿ, ಕಾಲೇಜುಗಳಲ್ಲಿ 30 ದಿನ ತೂಗುಹಾಕಿ. ಬಂದ ಪ್ರತಿ ಆಕ್ಷೇಪಣೆಗೂ ಕ್ರಮಸಂಖ್ಯೆ, ಒಪ್ಪಿದ್ದೇವೆ ಅಥವಾ ಒಪ್ಪಿಲ್ಲ, ಏಕೆ ಎಂಬ ಎರಡು ಸಾಲಿನ ಉತ್ತರ. ಒಪ್ಪಿದ್ದರೆ ಅದು ನಕ್ಷೆಯ ಯಾವ ಹಾಳೆಯಲ್ಲಿ, ಟೆಂಡರಿನ ಯಾವ ಬಾಬ್ತಿನಲ್ಲಿ ಬಂದಿದೆ ಎಂಬ ಉಲ್ಲೇಖ. ಈ ಕೊನೆಯ ಅಂಕಣ ಇಲ್ಲದಿದ್ದರೆ ಸಭೆಯ ನಡಾವಳಿ ಒಂದು ಕಡತದಲ್ಲಿ, ಕಾಮಗಾರಿಯ ಪರಿಮಾಣಪಟ್ಟಿ ಇನ್ನೊಂದರಲ್ಲಿ ಉಳಿಯುತ್ತವೆ. ಜನರ ಮೇಲೆ ಪರಿಣಾಮ ಬೀರುವ ನಿರ್ಧಾರದ ಸಂಗತಿಗಳನ್ನು ತಾನಾಗಿ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವೇ ಹೇಳುತ್ತದೆ. ಪೌರ ನಿಗಮಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗಳಿವೆ: ಹತ್ತು ಮಂದಿ ಸದಸ್ಯರು, ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘಗಳವರು. ಚುನಾಯಿತ ಕೌನ್ಸಿಲ್ ಇದ್ದಾಗ ಈ ವೇದಿಕೆಯನ್ನೂ ಬಳಸಿಕೊಳ್ಳಿ. ಯೋಜನಾ ವರದಿ ಬರೆಯುವ ಸಲಹೆಗಾರರ ಕರಾರಿನಲ್ಲೇ ನಡಿಗೆ, ಎಣಿಕೆ, ನೆಲದ ಪ್ರಯೋಗ, ಉತ್ತರಪಟ್ಟಿ ಇವನ್ನು ಸೇರಿಸಿ, ಶುಲ್ಕದ ಒಂದು ಕಂತನ್ನು ಅವಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ವರದಿ ಬಂದುಬಿಡುತ್ತದೆ.

ನೆಲದ ಕೆಳಗಿನದು ಬೇರೆಯೇ ಸಮಸ್ಯೆ. ಸ್ಮಾರ್ಟ್ ಸಿಟಿ ಕೆಲಸದ ವರ್ಷಗಳಲ್ಲಿ ತುಮಕೂರಿನವರು ರಸ್ತೆ ಅಗೆತವನ್ನು ಸಾಕಷ್ಟು ಕಂಡಿದ್ದಾರೆ. ಕುಡಿಯುವ ನೀರು, ಒಳಚರಂಡಿ, 11 ಕೆವಿ ಕೇಬಲ್, ಅಡುಗೆ ಅನಿಲ, ಇಂಟರ್ನೆಟ್ ತಂತಿ ಎಲ್ಲವೂ ಇಲ್ಲಿವೆ. ಹಳೆಯ ನಕ್ಷೆಗಳನ್ನು ನಂಬಬೇಡಿ. ಪ್ರತಿ 50 ಮೀಟರಿಗೊಂದು, ಪ್ರತಿ ಕೂಡುರಸ್ತೆಯಲ್ಲೊಂದು, ಒಂದೂವರೆ ಮೀಟರ್ ಆಳದ ಪರೀಕ್ಷಾ ಗುಂಡಿಯನ್ನು ಕೈಯಿಂದ ಅಗೆಸಿ, ಲೈನ್‌ಮನ್–ವಾಲ್ವ್‌ಮನ್‌ಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ. ಪಾದಚಾರಿ ಮಾರ್ಗದ ಕೆಳಗೆ ತಂತಿಗಳಿಗೆ ಕೊಳವೆಗಳನ್ನು ಹಾಕಿ, ಪ್ರತಿ 100 ಮೀಟರಿಗೆ ರಸ್ತೆಯಡಿ ಖಾಲಿ ಅಡ್ಡಕೊಳವೆ ಬಿಟ್ಟರೆ ಮುಂದೆ ಡಾಂಬರು ಕತ್ತರಿಸುವ ಕಾರಣವೇ ಕಡಿಮೆ. ಅಗೆದ ಕಾಲುವೆ ಮೊದಲ ಮಳೆಗೇ ಕುಸಿಯುವುದು ಏಕೆಂದರೆ ತೆಗೆದ ಮಣ್ಣನ್ನೇ ಒಮ್ಮೆಗೆ ಸುರಿದು ಮೇಲೆ ಒಂದು ಸಲ ರೋಲರ್ ಓಡಿಸಿರುತ್ತಾರೆ. 150 ಮಿಲಿಮೀಟರಿನ ಪದರಗಳಲ್ಲಿ, ಒಂದೊಂದನ್ನೂ ಒದ್ದೆ ಮಾಡಿ ದಮ್ಮಸು ಮಾಡಿ, ಸಾಂದ್ರತೆ ಪರೀಕ್ಷಿಸಿದ ಮೇಲೆಯೇ ಮುಂದಿನ ಪದರ. ಆ ಪರೀಕ್ಷೆಯ ಚೀಟಿಯನ್ನು ಅಂದೇ ಸ್ಥಳದ ಫಲಕಕ್ಕೆ ಅಂಟಿಸಿ. ನೋಡುವ ಕಣ್ಣುಗಳಿದ್ದರೆ ಪದರಗಳನ್ನು ಹಾರಿಸುವುದು ಕಷ್ಟ.

ಕೆಲಸದ ಕ್ಯಾಲೆಂಡರನ್ನೂ ಊರಿನ ಜೊತೆ ಕೂತು ಬರೆಯಬೇಕು. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್, ಮೇನಲ್ಲಿ ಗುಡುಗು ಮಳೆ. ಆದ್ದರಿಂದ ಆಳದ ಅಗೆತ ನವೆಂಬರಿನಿಂದ ಏಪ್ರಿಲ್‌ವರೆಗೆ. ಆ ನಡುವೆಯೇ ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ ಬರುತ್ತದೆ, ಆಗ ಕ್ಯಾತ್ಸಂದ್ರ ಕಡೆ ಒಂದು ಗುಂಡಿಯೂ ತೆರೆದಿರಬಾರದು. ಮಾರ್ಚ್‌ನಲ್ಲಿ ಪರೀಕ್ಷೆಗಳು, ಯುಗಾದಿಗೆ ಮೊದಲಿನ ವಾರ ಬಟ್ಟೆ ವ್ಯಾಪಾರ. ಒಂದು ಬದಿ ಮುಗಿಸಿ ಇನ್ನೊಂದು ಬದಿ, ಒಂದು ಸಲಕ್ಕೆ 200–300 ಮೀಟರ್ ಮಾತ್ರ, ತೆರೆದದ್ದನ್ನು ಮುಚ್ಚದೆ ಮುಂದಿನದನ್ನು ತೆರೆಯುವಂತಿಲ್ಲ ಎಂಬ ಷರತ್ತು ದಂಡದ ಸಮೇತ ಕರಾರಿನಲ್ಲಿರಲಿ. ಪ್ರತಿ ಅಂಗಡಿಗೂ ಕೈಹಿಡಿಯಿರುವ 1.5 ಮೀಟರ್ ಅಗಲದ ಹಲಗೆ ದಾರಿ, ರಾತ್ರಿ ದೀಪ, ಅಗೆತಕ್ಕೆ 7 ದಿನ ಮೊದಲು ಬಾಗಿಲಿಗೆ ಚೀಟಿ. ವಾರಕ್ಕೊಮ್ಮೆ, ಸಂಜೆ 7ಕ್ಕೆ, ಕೆಲಸ ನಡೆಯುವ ಜಾಗದಲ್ಲೇ ಅರ್ಧ ಗಂಟೆಯ ಭೇಟಿ: ಇಂಜಿನಿಯರ್, ಗುತ್ತಿಗೆದಾರರು, ಆ ತುಂಡಿನ ನಡಿಗೆ ತಂಡ.

ನಾಗರಿಕರಿಗೂ ಒಂದು ಮಾತು. "ರಸ್ತೆ ಸರಿಯಿಲ್ಲ" ಎಂದರೆ ಅದನ್ನು ಯಾವ ಇಂಜಿನಿಯರೂ ನಕ್ಷೆಗೆ ಇಳಿಸಲಾರರು. ಮಳೆ ಬಂದ ದಿನ, ಹೊತ್ತು, ನೀರು ಹೊಸ್ತಿಲಿನಿಂದ ಎಷ್ಟು ಇಂಚು ಮೇಲೆ ಅಥವಾ ಕೆಳಗೆ ನಿಂತಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಬರೆದಿಟ್ಟುಕೊಳ್ಳಿ, ಟೇಪು ಹಿಡಿದು ಫೋಟೊ ತೆಗೆಯಿರಿ. ನಿಮ್ಮ ಕಟ್ಟಡದ ಶೌಚದ ಕೊಳವೆ ಮಳೆನೀರಿನ ಚರಂಡಿಗೆ ಸೇರಿದ್ದರೆ ಈಗಲೇ ಹೇಳಿ, ಒಳಚರಂಡಿಗೆ ತಿರುಗಿಸುವ ಬಾಬ್ತು ಅಂದಾಜಿನಲ್ಲಿ ಸೇರಲಿ. ನಂತರ ಹೇಳಿದರೆ ಹೊಸ ಚರಂಡಿ ಮೊದಲ ವರ್ಷವೇ ನಾರುತ್ತದೆ.

ಮೊದಲ ಹೆಜ್ಜೆಗೆ ದೊಡ್ಡ ಅನುದಾನ ಬೇಕಿಲ್ಲ. ಬಟವಾಡಿಯಿಂದ ಗುಬ್ಬಿ ಗೇಟ್‌ವರೆಗಿನ ಗಡಿ ಅಳತೆ, ಹೊಸ್ತಿಲ ಮಟ್ಟದ ಸರ್ವೆ ಮತ್ತು ಒಂದು ಮಳೆಗಾಲದ ನೀರಿನ ದಾಖಲೆ, ಈ ಮೂರನ್ನು ಯೋಜನಾ ವರದಿಗೆ ಸಲಹೆಗಾರರನ್ನು ಕರೆಯುವ ಮೊದಲೇ ಮುಗಿಸಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಲೋಕೋಪಯೋಗಿ, ಪಾಲಿಕೆ, ಬೆಸ್ಕಾಂ, ನೀರು ಸರಬರಾಜು ಮಂಡಳಿ, ಸಂಚಾರ ಪೊಲೀಸ್, ಕೆಎಸ್‌ಆರ್‌ಟಿಸಿ ಒಂದೇ ಮೇಜಿಗೆ ಬಂದು ಮೊದಲ ನಡಿಗೆಯ ದಿನಾಂಕ ಮತ್ತು ಉತ್ತರ ಕೊಡುವ ಒಬ್ಬ ಅಧಿಕಾರಿಯ ಹುದ್ದೆಯನ್ನು ಪ್ರಕಟಿಸಬೇಕೆಂದು ಕೋರುತ್ತೇವೆ. ನಕ್ಷೆ ಹಾಳೆ ತಯಾರಿಸುವುದು, ತಂಡಗಳಿಗೆ ಅಳತೆ ಕಲಿಸುವುದು, ಎಣಿಕೆಯ ಪಟ್ಟಿ ಕ್ರೋಡೀಕರಿಸುವುದು ಈ ಕೆಲಸಗಳನ್ನು ಶುಲ್ಕವಿಲ್ಲದೆ ಮಾಡಿಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ರಸ್ತೆ, ನೀರು ಮತ್ತು ಸಂಚಾರದ ಕೆಲಸ ಬಲ್ಲ ತುಮಕೂರಿನ ನಾಗರಿಕರು